ಸೈಡ್‌ಮೌಂಟ್ ಎಂಬ ಬಗಲ ಹೇರು

ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಲ್ಲಿ ಮುಳುಗುವುದು) ಮುಗಿಸಿ ಬಂದ ನಮ್ಮ ಕೊಪ್ಪಳದ ಹುಡುಗರಲ್ಲಿ ಇವನು ಮೂರನೆಯವನು. "ಅಣ್ಣಾರ, ಸೈಡ್‌ಮೌಂಟ್ ಮಾಡಿ ಬಂದೀನಿ ನೋಡ್ರಿ" ಅಂತ ವಿಡಿಯೋ ತೋರಿಸಿದ. ದೋಣಿಯ ಅಂಚಿನಲ್ಲಿ ಕೂತು, ಮಾಸ್ಕನ್ನು ಅಂಗೈಯಿಂದ ಒತ್ತಿ ಹಿಡಿದು, ಹಿಂದಕ್ಕೆ ಉರುಳಿ ದುಡುಮ್ಮನೆ ನೀರಿಗೆ ಬಿದ್ದಿದ್ದಾನೆ. ತಮ್ಮಾ, ಅದು ಬ್ಯಾಕ್ ರೋಲ್. ನೀರಿಗೆ ಇಳಿಯುವ ಒಂದು ರೀತಿ, ಅಷ್ಟೇ. ಸೈಡ್‌ಮೌಂಟ್ ಅಂದರೆ ಸಿಲಿಂಡರನ್ನು ಬೆನ್ನಿಗಲ್ಲ, ಬಗಲಿಗೆ ಕಟ್ಟಿಕೊಳ್ಳುವುದು. ನಿನ್ನ ಸಿಲಿಂಡರ್ ಬೆನ್ನ ಮೇಲೇ ಕೂತಿತ್ತು.

ಎಡವಟ್ಟೆಲ್ಲ ಆ 'ಮೌಂಟ್' ಪದದ್ದು. ಮೌಂಟ್ ಅಂದರೆ ಹತ್ತುವುದು ಅಂತ ಶಾಲೆಯಲ್ಲಿ ಕಲಿತಿದ್ದು ತಲೆಯಿಂದ ಹೋಗಲ್ಲ. ಎಲ್ಲೋ ಒಂದು ಕಡೆ ಇದನ್ನು 'ಪಾರ್ಶ್ವ ಆರೋಹಣ' ಅಂತ ಕನ್ನಡಿಸಿದ್ದನ್ನೂ ಓದಿದೆ. ಸಂಗೀತದ ಪಾಠ ಅಂದುಕೊಂಡು ಯಾರಾದರೂ ತಂಬೂರಿ ಹಿಡಿದು ಬಂದಾರು! 'ಮೌಂಟ್'ನ ಮೂಲ ಲ್ಯಾಟಿನ್ನಿನದು, ಬೆಟ್ಟ ಅಂತ ಅರ್ಥ. ಅದರಿಂದ ಫ್ರೆಂಚಿನಲ್ಲಿ ಏರುವುದು ಆಯಿತು. ಇಂಗ್ಲಿಷಿಗೆ ಬಂದು ಏರುವುದರ ಜೊತೆಗೆ ಏರಿಸಿ ಕೂರಿಸುವುದೂ ಆಯಿತು. ಟಿವಿಯನ್ನು ವಾಲ್‌ಮೌಂಟ್ ಮಾಡಿಸುತ್ತೀರಿ, ಅಲ್ವಾ? ಆಗ ಯಾರೂ ಗೋಡೆ ಹತ್ತಲ್ಲ.

ಕನ್ನಡದಲ್ಲಿ ಇದಕ್ಕೆ 'ಹೇರು' ಸರಿಯಾಗಿ ಕೂರುತ್ತದೆ. ಹಳೆಗನ್ನಡದಲ್ಲಿ ಪೇರು. ಗಾಡಿಗೆ ಮೂಟೆ ಹೇರುತ್ತೇವೆ, ಕತ್ತೆಗೂ ಹೇರುತ್ತೇವೆ. ಕತ್ತೆಯ ಹೇರನ್ನು ಗಮನಿಸಿ: ಎಡಕ್ಕೊಂದು ಚೀಲ, ಬಲಕ್ಕೊಂದು ಚೀಲ, ಎರಡೂ ಕಡೆ ಸರಿತೂಕ. ಸೈಡ್‌ಮೌಂಟ್ ಇದೇ. ಸಿಲಿಂಡರ್ ಕಂಕುಳಿಂದ ಟೊಂಕದವರೆಗೆ ಮೈಗುಂಟ ಮಲಗಿರುತ್ತದೆ. ಮೇಲೆ ವಾಲ್ವ್ ಹತ್ತಿರ ಬಂಜಿ ಅನ್ನೋ ಹಿಗ್ಗುವ ರಬ್ಬರ್ ಹಗ್ಗ, ಕೆಳಗೆ ಟೊಂಕಕ್ಕೆ ಕೊಕ್ಕೆ. 'ಬಗಲ ಹೇರು' ಅನ್ನಿ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಇದು ಸಿಲಿಂಡರ್ ಎಷ್ಟು ಅನ್ನೋ ಲೆಕ್ಕವೂ ಅಲ್ಲ. ಬೆನ್ನಿಗೆ ಜೋಡಿ ಸಿಲಿಂಡರ್ ಕಟ್ಟಿದರೆ ಅದು ಬ್ಯಾಕ್‌ಮೌಂಟೇ. ಬಗಲಿಗೆ ಒಂದೇ ಇದ್ದರೂ ಸೈಡ್‌ಮೌಂಟೇ. (ಮತ್ತೆ, ಅದರಲ್ಲಿರುವುದು ಆಕ್ಸಿಜನ್ ಅನ್ನಬೇಡಿ. ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಗಾಳಿ. ಬರೀ ಆಕ್ಸಿಜನ್ ಉಸಿರಾಡುತ್ತ 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷವಾಗುತ್ತದೆ.)

ಈ ಪದ್ಧತಿ ಹುಟ್ಟಿದ್ದು ಸಮುದ್ರದಲ್ಲಲ್ಲ, ಗವಿಯಲ್ಲಿ. 1960ರ ದಶಕದ ಬ್ರಿಟನ್ನಿನಲ್ಲಿ ಒಣ ಗವಿಗಳೊಳಗೆ ತೆವಳುವವರಿಗೆ ನಡುನಡುವೆ ನೀರು ತುಂಬಿದ ಇಕ್ಕಟ್ಟಾದ ದಾರಿ ಎದುರಾಗುತ್ತಿತ್ತು. ಅವರು ಅದನ್ನು ಸಂಪ್ ಅನ್ನುತ್ತಾರೆ, ನಮ್ಮ ಮನೆ ಮುಂದಿನ ಸಂಪು ಬೇರೆ! ಬೆನ್ನ ಮೇಲೆ ಸಿಲಿಂಡರ್ ಇದ್ದರೆ ಅಲ್ಲಿ ತೂರುವುದು ಕಷ್ಟ. 1970ರ ದಶಕದಲ್ಲಿ ಫ್ಲೋರಿಡಾದ ಗವಿ ಮುಳುಗುಗಾರರೂ ಇದನ್ನು ಹಿಡಿದರು. ಇದು ಅರ್ಥವಾಗಬೇಕಾದರೆ ಆನೆಗೊಂದಿಗೆ ಹೋಗಿ, ಎರಡು ಬಂಡೆಗಳ ಸಂದಿನಲ್ಲಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನುಗ್ಗಿ ನೋಡಿ. ನಾನು ಒಮ್ಮೆ ಸಿಕ್ಕಿಬಿದ್ದಿದ್ದೆ. ಬ್ಯಾಗ್ ಕಳಚಿ, ಮುಂದಕ್ಕೆ ಚಾಚಿ ಹಿಡಿದ ಮೇಲೆ ಬಿಡುಗಡೆ ಆಗಿದ್ದು. ಅವರೂ ಹಾಗೇ, ಒಂದು ಸಿಲಿಂಡರಿನ ಕೊಕ್ಕೆ ಬಿಚ್ಚಿ ಮುಂದೆ ತಳ್ಳುತ್ತ ತೂರುತ್ತಾರೆ.

ಲಾಭ ಇದೊಂದೇ ಅಲ್ಲ. ವಾಲ್ವ್ ಕಣ್ಣೆದುರೇ ಇರುವುದರಿಂದ ಎಲ್ಲಿಂದ ಗುಳ್ಳೆ ಸೋರುತ್ತಿದೆ ಅಂತ ನೋಡಿ, ತಾನೇ ತಿರುಗಿಸಿ ನಿಲ್ಲಿಸಬಹುದು. ಬೆನ್ನ ಹಿಂದಿದ್ದರೆ ತಡಕಾಟ. ಎರಡು ಸಿಲಿಂಡರಿಗೂ ಬೇರೆ ಬೇರೆ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ), ಒಂದು ಕೆಟ್ಟರೆ ಇನ್ನೊಂದಿದೆ. ಬೆನ್ನುನೋವಿನವರಿಗಂತೂ ವರ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಹೆಚ್ಚುಕಮ್ಮಿ ನಮ್ಮ ಅಡುಗೆಮನೆಯ ಖಾಲಿ ಸಿಲಿಂಡರಿನಷ್ಟು ತೂಗುತ್ತದೆ. ಒಂದೊಂದೇ ಒಯ್ದು ನೀರಿನಲ್ಲೇ ಸಿಕ್ಕಿಸಿಕೊಳ್ಳಬಹುದು.

ತಾಪತ್ರಯವೂ ಕಮ್ಮಿ ಇಲ್ಲ. ಎರಡರ ಗಾಳಿಯೂ ಸಮವಾಗಿ ಇಳಿಯಬೇಕು. ಅದಕ್ಕೆ ಇದರಿಂದ ಸ್ವಲ್ಪ, ಅದರಿಂದ ಸ್ವಲ್ಪ ಅಂತ ಬಾಯಿಯ ರೆಗ್ಯುಲೇಟರ್ ಬದಲಿಸುತ್ತ, ಉಳಿದ ಗಾಳಿ ತೋರಿಸುವ ಎರಡು ಗೇಜ್ ನೋಡುತ್ತ ಇರಬೇಕು. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದ ಹಾಗೆ ಹಗುರಾಗಿ ಬುಡ ಮೇಲೇಳುತ್ತದೆ, ಕೊಕ್ಕೆಯ ಜಾಗ ಬದಲಿಸಬೇಕು. ಬಂಜಿಯ ಅಳತೆ ಕೂರಿಸುವುದರಲ್ಲೇ ಹೊಸಬರ ಅರ್ಧ ದಿನ ಹೋಗುತ್ತದೆ. ಬೇರೆ ತರಬೇತಿ, ಜಾಸ್ತಿ ಖರ್ಚು. ಅಲುಗಾಡುವ ಸಣ್ಣ ದೋಣಿಯಲ್ಲಂತೂ ಕಿರಿಕಿರಿ. ಹರಿಗೋಲಿನಲ್ಲಿ ಎದ್ದು ನಿಂತು ಅಂಗಿ ಬದಲಿಸಿದ ಹಾಗೆ.

ನೇತ್ರಾಣಿಯಲ್ಲಿ ಅರ್ಧ ಗಂಟೆ ಮೀನು ನೋಡಿ ಬರುವವರಿಗೆ ಇದರ ಗೊಡವೆಯೇ ಬೇಡ. ಬೆನ್ನಿಗೊಂದು ಸಿಲಿಂಡರ್, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಒಬ್ಬ ಇನ್‌ಸ್ಟ್ರಕ್ಟರ್ ಸಾಕು. ಆ ಹುಡುಗನಿಗೂ ಇಷ್ಟನ್ನೂ ಹೇಳಿದೆ. "ಹೌದೇನ್ರಿ" ಅಂದ. ವಿಡಿಯೋದ ಹೆಸರು ಮಾತ್ರ ಇನ್ನೂ ಬದಲಿಸಿಲ್ಲ.