ಕಾಪಿ, ಕಪೆ, ಕೊಪಿ: ಕೊರಿಯಾದವರಿಗೆ ಇಂಗ್ಲಿಷ್ ಹೇಳಿಕೊಡುವ ಫಿಲಿಪೀನ್ಸ್ ಟೀಚರ್‌ಗಳ ಪಾಡು

ಕಾಫಿಗೆ ನಮ್ಮ ಊರುಗಳಲ್ಲಿ ಇವತ್ತಿಗೂ ಕಾಪಿ ಅಂತಾರೆ. ಫಿಲಿಪೀನ್ಸ್‌ನಲ್ಲಿ ಅದು ಕಪೆ. ಕೊರಿಯಾದಲ್ಲಿ ಕೊಪಿ. ಮೂರೂ ಕಡೆ ಕಾರಣ ಒಂದೇ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಉಸಿರು ಬಿಡುವ ಆ ‘ಫ’ ಮೂರೂ ಊರಿನ ಅಜ್ಜಿಯರ ಬಾಯಲ್ಲಿ ಇರಲಿಲ್ಲ. ಅದು ಹೊರಗಿನಿಂದ ಬಂದ ಸದ್ದು.

ಈಗ ಫಿಲಿಪೀನ್ಸ್‌ನ ಸೆಬು ನಗರದಲ್ಲಿ ಗೂಡಿನಂಥ ಒಂದು ಕೋಣೆ ಅಂದುಕೊಳ್ಳಿ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒಂದು ಬಿಳಿ ಬೋರ್ಡು. ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳು ತನಗಿಂತ ಒಂದು ವರ್ಷ ದೊಡ್ಡವನಾದ ಕೊರಿಯಾದ ಹುಡುಗನಿಗೆ ಆ ‘ಫ’ ಹೇಳಿಕೊಡುತ್ತಿದ್ದಾಳೆ. ಅವಳ ಮನೆಮಾತು ಸೆಬುವಾನೊ. ಅದರಲ್ಲಿ ಅವನು, ಅವಳು ಎರಡಕ್ಕೂ ‘ಸಿಯ’ ಅನ್ನುವ ಒಂದೇ ಮಾತು. ಹಾಗಾಗಿ ಸುಸ್ತಾದ ಹೊತ್ತಿನಲ್ಲಿ ‘ಹಿ’ ಬದಲು ‘ಶಿ’ ಬಾಯಿಗೆ ಬಂದುಬಿಡುತ್ತದೆ. ಎದುರಿಗಿರುವ ಹುಡುಗ ಮಾತಾಡುವುದಿಲ್ಲ, ಆದರೆ ಗಮನಿಸುತ್ತಾನೆ. ವಾರದ ಕೊನೆಗೆ ಆಫೀಸಿಗೆ ಹೋಗಿ ಟೀಚರ್ ಬದಲಾಯಿಸಿ ಅನ್ನುತ್ತಾನೆ. ಅವಳಿಗೆ ಅದು ಗೊತ್ತಾಗುವುದು ಸೋಮವಾರ ಬೆಳಗ್ಗೆ, ಹೊಸ ವೇಳಾಪಟ್ಟಿಯಲ್ಲಿ ಅವನ ಹೆಸರು ಇಲ್ಲದಿದ್ದಾಗ.

ಇವರಿಬ್ಬರೂ ಈ ಗೂಡಿಗೆ ಬಂದು ಕೂತದ್ದು ಹೇಗೆ? ಹುಡುಗಿಯ ಕಡೆಯ ಕಥೆ ಜಾಸ್ತಿ ಹಳೆಯದು. ಅಲ್ಲಿಂದಲೇ ಶುರು ಮಾಡೋಣ.

ಸ್ಪೇನ್ ಫಿಲಿಪೀನ್ಸನ್ನು ಮುನ್ನೂರು ವರ್ಷಕ್ಕೂ ಮೀರಿ ಆಳಿತು. ಆದರೂ ಸ್ಪ್ಯಾನಿಷ್ ಭಾಷೆ ಸಾಮಾನ್ಯ ಜನರ ಮನೆಗೆ ಇಳಿಯಲಿಲ್ಲ. 1898ರಲ್ಲಿ ಯುದ್ಧ ಸೋತ ಸ್ಪೇನ್ ಈ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಮೆರಿಕ ಅದಕ್ಕೆ ಕೊಟ್ಟದ್ದು ಎರಡು ಕೋಟಿ ಡಾಲರ್. ಸ್ವಾತಂತ್ರ್ಯ ಬಂತು ಅಂದುಕೊಂಡಿದ್ದ ಜನ ತಿರುಗಿಬಿದ್ದರು. ಆ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1901ರ ಆಗಸ್ಟ್‌ನಲ್ಲಿ, ‘ಥಾಮಸ್’ ಎಂಬ ಹಡಗು ಮನಿಲಾಕ್ಕೆ ಬಂತು. ಅದರಲ್ಲಿದ್ದವರು ಸುಮಾರು ಐನೂರು ಅಮೆರಿಕನ್ ಶಿಕ್ಷಕರು. ಹಡಗಿನ ಹೆಸರೇ ಅವರಿಗೂ ಅಂಟಿಕೊಂಡು ಇವತ್ತಿಗೂ ಅವರನ್ನು ‘ಥಾಮಸೈಟ್’ಗಳು ಅಂತಲೇ ಕರೆಯುತ್ತಾರೆ. ಅದೇ ವರ್ಷ ಬಂದ ಕಾನೂನು ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕು ಅಂದಿತು.

ಬಂದೂಕಿನಿಂದ ಆಗದ್ದನ್ನು ಬಳಪ ಮಾಡಿತು. ಒಂದೇ ತಲೆಮಾರಿನಲ್ಲಿ ಇಂಗ್ಲಿಷ್ ಕಚೇರಿಯ, ಕೋರ್ಟಿನ, ಒಳ್ಳೆಯ ಕೆಲಸದ ಭಾಷೆಯಾಯಿತು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ದಂಡ ಹಾಕುವುದೂ ರೂಢಿಯಾಯಿತು. ಈ ದಂಡದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1946ರಲ್ಲಿ ಅಮೆರಿಕದವರು ಹೋದರು, ಇಂಗ್ಲಿಷ್ ಹೋಗಲಿಲ್ಲ. 1974ರಲ್ಲಿ ಶಾಲೆಗೆ ಎರಡು ಭಾಷೆಯ ನೀತಿ ಬಂತು. 1987ರ ಸಂವಿಧಾನದಲ್ಲೂ ಫಿಲಿಪಿನೊ ಪಕ್ಕದಲ್ಲಿ ಇಂಗ್ಲಿಷ್ ಆಡಳಿತ ಭಾಷೆಯಾಗಿ ಉಳಿಯಿತು. ಹಾಗಂತ ಎಲ್ಲರಿಗೂ ಅದು ನೀರು ಕುಡಿದಷ್ಟು ಸುಲಭ ಅಲ್ಲ. ಯಾರಾದರೂ ಭಾರಿ ಇಂಗ್ಲಿಷ್ ಶುರು ಮಾಡಿದರೆ ಅಲ್ಲಿಯ ಹುಡುಗರು ‘ನೋಸ್‌ಬ್ಲೀಡ್’ ಅಂತ ಮೂಗು ಹಿಡಿದುಕೊಂಡು ನಗುತ್ತಾರೆ. ಇಂಗ್ಲಿಷಿನ ಭಾರಕ್ಕೆ ಮೂಗಿನಿಂದ ರಕ್ತ ಬಂತಂತೆ!

ಇನ್ನು ಹುಡುಗನ ಕಡೆ. ಕೊರಿಯಾ ಯುದ್ಧದಲ್ಲಿ ದಕ್ಷಿಣದ ಪರವಾಗಿ ಹೋರಾಡಲು ಫಿಲಿಪೀನ್ಸ್ 1950ರಿಂದ ಸುಮಾರು 7,400 ಸೈನಿಕರನ್ನು ಕಳಿಸಿತ್ತು. ಆಗ ಕೊರಿಯಾ ಬಡ ದೇಶ. 1960ರ ಹೊತ್ತಿಗೂ ತಲಾ ಆದಾಯದಲ್ಲಿ ಫಿಲಿಪೀನ್ಸೇ ಮುಂದಿತ್ತು. ಆಮೇಲೆ ತಕ್ಕಡಿ ತಲೆಕೆಳಗಾಯಿತು. ಅದು ಬೇರೆಯೇ ದೊಡ್ಡ ಕಥೆ. ನಮಗೆ ಇಲ್ಲಿ ಬೇಕಾದದ್ದು ಇಷ್ಟು: ಕೈಗೆ ದುಡ್ಡು ಬಂದ ಕೊರಿಯಾದ ಅಪ್ಪ ಅಮ್ಮಂದಿರು ಅದನ್ನು ಮಕ್ಕಳ ಪರೀಕ್ಷೆಗೆ ಸುರಿದರು.

ಎಷ್ಟರ ಮಟ್ಟಿಗೆ ಅಂದರೆ, 1980ರಲ್ಲಿ ಅಲ್ಲಿಯ ಸೇನಾ ಸರ್ಕಾರ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತು. ಕದ್ದುಮುಚ್ಚಿ ನಡೆಯುತ್ತಲೇ ಇತ್ತು ಅನ್ನಿ. ನಿಷೇಧ ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 2000ದಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಹಗ್ವೊನ್ ಅಂತ ಕರೆಯುವ ಟ್ಯೂಷನ್ ಕೇಂದ್ರಗಳು ಬೀದಿಬೀದಿಗೂ ಬಂದವು. 2023ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಕೊರಿಯಾದ ಮನೆಗಳು ಖರ್ಚು ಮಾಡಿದ್ದು ಸುಮಾರು 27 ಲಕ್ಷ ಕೋಟಿ ವೋನ್. ನವೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಇಂಗ್ಲಿಷ್ ಕೇಳಿಸಿಕೊಳ್ಳುವ ಭಾಗದ ಹೊತ್ತಿಗೆ ಸುಮಾರು ಅರ್ಧ ಗಂಟೆ ದೇಶದ ವಿಮಾನಗಳು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಸದ್ದು ಆಗಬಾರದಲ್ವಾ!

1997ರಲ್ಲಿ ಇಂಗ್ಲಿಷ್ ಮೂರನೇ ಕ್ಲಾಸಿಗೇ ಬಂತು. ಕಂಪನಿಗಳು ಕೆಲಸಕ್ಕೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳಲು ಶುರು ಮಾಡಿದವು. ಅದೇ ವರ್ಷದ ಕೊನೆಗೆ ಕೊರಿಯಾ ದುಡ್ಡಿನ ಬಿಕ್ಕಟ್ಟಿಗೆ ಸಿಕ್ಕಿಕೊಂಡು, ಕೆಲಸ ಹೋದ ಅಪ್ಪಂದಿರನ್ನು ನೋಡಿ ಬೆಳೆದ ಮಕ್ಕಳಿಗೆ ಇಂಗ್ಲಿಷ್ ಇನ್ನೂ ದೊಡ್ಡ ಭೂತವಾಯಿತು. ‘ರ’, ‘ಲ’ ಸರಿಯಾಗಿ ಬರಲಿ ಅಂತ ಪುಟ್ಟ ಮಕ್ಕಳ ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದ ಸುದ್ದಿಗಳು 2000ದ ದಶಕದ ಶುರುವಿನಲ್ಲಿ ಬಂದವು. ಅಮೆರಿಕದಲ್ಲಿ ಹುಟ್ಟಿದ ಕೊರಿಯನ್ ಮಕ್ಕಳು ಯಾವ ಕತ್ತರಿಯೂ ಇಲ್ಲದೆ ಚೆನ್ನಾಗಿ ‘ರ’ ಅನ್ನುತ್ತಾರೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲವೋ ಏನೋ. 2008ರಲ್ಲಂತೂ ಹೊಸ ಅಧ್ಯಕ್ಷರ ತಂಡದ ಮುಖ್ಯಸ್ಥೆಯೇ ‘ಒರೆಂಜಿ’ ಅಂದರೆ ಅಮೆರಿಕದಲ್ಲಿ ಅರ್ಥವಾಗುವುದಿಲ್ಲ, ‘ಒರಿಂಜಿ’ ಅನ್ನಬೇಕು ಅಂದುಬಿಟ್ಟರು. ಒಂದು ಕಿತ್ತಳೆ ಹಣ್ಣು ದೇಶಕ್ಕೆಲ್ಲ ತಮಾಷೆಯಾಯಿತು.

ದುಡ್ಡಿದ್ದವರು ಹೆಂಡತಿ ಮಕ್ಕಳನ್ನು ಅಮೆರಿಕ, ಕೆನಡಾಕ್ಕೆ ಕಳಿಸಿ, ತಾವು ರಾಜಧಾನಿ ಸೋಲ್‌ನಲ್ಲಿ ಒಬ್ಬರೇ ದುಡಿದು ಹಣ ಕಳಿಸಿದರು. ಇಂಥ ಅಪ್ಪಂದಿರಿಗೆ ಅಲ್ಲಿ ‘ಗಿರೊಗಿ ಅಪ್ಪ’ ಅನ್ನುತ್ತಾರೆ. ಗಿರೊಗಿ ಅಂದರೆ ವಲಸೆ ಹೋಗುವ ಕಾಡು ಹೆಬ್ಬಾತು. ಅಪ್ಪ ಅಂದರೆ ಅಪ್ಪನೇ, ಕೊರಿಯನ್‌ನಲ್ಲೂ! ಅಷ್ಟು ದುಡ್ಡಿಲ್ಲದವರು ನಕಾಶೆ ನೋಡಿದರು. ನಾಲ್ಕು ಗಂಟೆ ವಿಮಾನದ ದಾರಿಯಲ್ಲಿ ಇಂಗ್ಲಿಷ್ ಬರುವ, ಖರ್ಚು ಕಡಿಮೆ ಇರುವ ಒಂದು ದೇಶ ಕಾಣಿಸಿತು. 1989ರಿಂದ ಕೊರಿಯಾದ ಜನ ಹೊರದೇಶಕ್ಕೆ ಸುಲಭವಾಗಿ ಹೋಗಬಹುದಿತ್ತು. ಫಿಲಿಪೀನ್ಸ್‌ಗೆ ವೀಸಾದ ಗೊಡವೆ ಇಲ್ಲದೆ ಬಂದು, ವಿಶೇಷ ಓದಿನ ಪರವಾನಗಿ ಮಾಡಿಸಿಕೊಂಡರೆ ಆಯಿತು.

ಹೀಗೆ ಬಾಗಿಯೊ, ಸೆಬು, ಇಲೊಯಿಲೊ, ಬಕೊಲೊದ್, ಕ್ಲಾರ್ಕ್‌ಗಳಲ್ಲಿ ಭಾಷಾ ಶಾಲೆಗಳು ಎದ್ದವು. ಮಾಲೀಕರು ಹೆಚ್ಚಾಗಿ ಕೊರಿಯಾದವರು. ಅಡುಗೆ ಕೊರಿಯಾದ್ದು, ಕಿಮ್ಚಿ ಸಮೇತ. ಟೀಚರ್ ಮಾತ್ರ ಫಿಲಿಪೀನ್ಸ್‌ನವರು. ಇವುಗಳಲ್ಲಿ ‘ಸ್ಪಾರ್ಟಾ’ ಶಾಲೆ ಅನ್ನುವ ಜಾತಿ ಇದೆ. ವಾರದ ದಿನ ಗೇಟು ದಾಟುವಂತಿಲ್ಲ. ಬೆಳಗ್ಗೆ ಶಬ್ದಗಳ ಟೆಸ್ಟು, ರಾತ್ರಿ ಮತ್ತೆ ಟೆಸ್ಟು. ನಡುವೆ ದಿನವಿಡೀ ಪಾಠ. ಕೊರಿಯನ್‌ನಲ್ಲಿ ಮಾತಾಡಿ ಸಿಕ್ಕಿಬಿದ್ದರೆ ದಂಡ.

ನೆನಪಿದೆಯಾ, ಅದೇ ದಂಡ. ನೂರು ವರ್ಷದ ಹಿಂದೆ ಈ ಟೀಚರ್‌ನ ಮುತ್ತಜ್ಜಿಯ ಕಾಲದ ಮಕ್ಕಳು ಕಟ್ಟುತ್ತಿದ್ದದ್ದು. ಈಗ ಕೊರಿಯಾದ ಹುಡುಗ ಕಟ್ಟುತ್ತಾನೆ, ಹೆಸರು ಬರೆದುಕೊಳ್ಳುವವಳು ಅವಳು. ಈ ಇಡೀ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಈ ಶಾಲೆಗಳ ದೊಡ್ಡ ಆಕರ್ಷಣೆ ‘ಮ್ಯಾನ್ ಟು ಮ್ಯಾನ್’. ಒಬ್ಬ ವಿದ್ಯಾರ್ಥಿಗೆ ಒಬ್ಬ ಟೀಚರ್. ಸೋಲ್‌ನಲ್ಲಿ ಬಿಳಿಯ ಟೀಚರ್ ಒಬ್ಬರ ಮುಂದೆ ಹತ್ತಿಪ್ಪತ್ತು ಮಕ್ಕಳು ಕೂರುತ್ತಾರೆ, ಇಲ್ಲಿ ದಿನಕ್ಕೆ ನಾಲ್ಕಾರು ಗಂಟೆ ಒಬ್ಬರೇ. ಜಾಹೀರಾತಿನಲ್ಲಿ ಇದನ್ನು ಕಲಿಸುವ ವಿಧಾನ ಅಂತ ಹೊಗಳುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗನಿಗೆ ಒಬ್ಬ ಟೀಚರನ್ನು ಕೂರಿಸಲು ಆಗುವುದು ಟೀಚರ್‌ನ ಸಂಬಳ ಕಡಿಮೆ ಇರುವುದರಿಂದ. ಆ ಕಡಿಮೆ ಸಂಬಳವೇ ಇಲ್ಲಿಯ ವಿಧಾನ.

ಟೀಚರ್‌ಗಳು ಯಾರು? ಕೆಲವರು ಶಿಕ್ಷಕರ ಪರವಾನಗಿ ಪರೀಕ್ಷೆ ಪಾಸಾಗಿ ಸರ್ಕಾರಿ ಕೆಲಸಕ್ಕೆ ಕಾಯುತ್ತಿರುವವರು. ಕೆಲವರು ನರ್ಸಿಂಗ್ ಓದಿದವರು. 2000ದ ದಶಕದಲ್ಲಿ ಅಮೆರಿಕಕ್ಕೆ ಹೋಗುವ ಕನಸಿನಲ್ಲಿ ಲಕ್ಷಗಟ್ಟಲೆ ಮಕ್ಕಳು ನರ್ಸಿಂಗ್ ಸೇರಿದರು. ಓದು ಮುಗಿಯುವ ಹೊತ್ತಿಗೆ ಬಾಗಿಲು ಕಿರಿದಾಗಿತ್ತು. ಅವರಲ್ಲಿ ಎಷ್ಟೋ ಜನ ಕಾಲ್ ಸೆಂಟರ್‌ಗೆ ಹೋದರು. ರಾತ್ರಿ ಪಾಳಿ ಒಗ್ಗದವರಿಗೆ ಕೊರಿಯನ್ ಶಾಲೆ ಇತ್ತು. ಕಾಲ್ ಸೆಂಟರ್‌ನಲ್ಲಿ ದುಡ್ಡು ಜಾಸ್ತಿ, ಇಲ್ಲಿ ನಿದ್ದೆ ಜಾಸ್ತಿ.

ಬೇಸರಗಳು ಚಿಕ್ಕಚಿಕ್ಕವು. ಐವತ್ತು ನಿಮಿಷ ಒಬ್ಬನ ಎದುರು ಕೂತು, ಅವನು ‘ಐ ಡೋಂಟ್ ನೋ’, ‘ಸೋ ಸೋ’ ಬಿಟ್ಟು ಏನೂ ಹೇಳದಿದ್ದರೆ ಆ ಹೊತ್ತು ಕಳೆಯುವುದು ಹೇಗೆ? ಗುಂಪು ಪಾಠದಲ್ಲಿ ಇನ್ನೊಂದು ತರಹ. ಕೊರಿಯಾದಲ್ಲಿ ವಯಸ್ಸಿಗೆ ತಕ್ಕ ಮಾತು, ತಕ್ಕ ಮರ್ಯಾದೆ. ದೊಡ್ಡವನು ಸುಮ್ನೆ ಕೂತರೆ ಚಿಕ್ಕವನು ಬಾಯಿ ಬಿಡಲು ಹಿಂಜರಿಯುತ್ತಾನೆ. ಟೀಚರ್‌ಗೆ ಅದು ಅರ್ಥವಾಗಲು ತಿಂಗಳುಗಳು ಬೇಕು. ಜನವರಿ, ಫೆಬ್ರವರಿಯಲ್ಲಿ ಕೊರಿಯಾದ ಶಾಲೆಗಳಿಗೆ ರಜೆ. ಆಗ ಮಕ್ಕಳ ದಂಡೇ ಬಂದಿಳಿಯುತ್ತದೆ. ಅಮ್ಮನ ಒತ್ತಾಯಕ್ಕೆ ಬಂದ ಹತ್ತು ವರ್ಷದ ಮಗು ಅಳುತ್ತಿದ್ದರೆ ಪಾಠ ಬದಿಗಿಟ್ಟು ಸಮಾಧಾನ ಮಾಡಬೇಕು. ಮಾರ್ಚ್ ಬಂದರೆ ಕೋಣೆಗಳು ಖಾಲಿ, ಹೊಸಬರ ಕೆಲಸವೂ ಡೋಲಾಯಮಾನ.

ಹುಡುಗರ ಮೇಲೂ ಪೂರ್ತಿ ತಪ್ಪು ಹಾಕಲು ನನಗೆ ಮನಸ್ಸಿಲ್ಲ. ಹತ್ತು ವರ್ಷ ಇಂಗ್ಲಿಷನ್ನು ಬರೀ ಉತ್ತರಕ್ಕೆ ಗುರುತು ಹಾಕಿ ಕಲಿತವನಿಗೆ ಬಾಯಿ ತೆರೆದ ಕೂಡಲೇ ತಪ್ಪಾಗುವ ಭಯ. ಟೋಯಿಕ್‌ನಲ್ಲಿ 900 ಬಂದವನೂ ಊಟ ಹೇಗಿತ್ತು ಅಂತ ಕೇಳಿದರೆ ತಡವರಿಸುತ್ತಾನೆ. ಜೊತೆಗೆ ಅವನಿಗೆ ಮೊದಲೇ ಯಾರೋ ಹೇಳಿರುತ್ತಾರೆ: ಅಲ್ಲಿ ಅಗ್ಗ, ಆದರೆ ಉಚ್ಚಾರಣೆ ಅಸಲಿ ಅಲ್ಲ.

ಈ ‘ಅಸಲಿ’ಯನ್ನು ಅಳೆಯುವುದು ಕಿವಿಯಲ್ಲ, ಪಾಸ್‌ಪೋರ್ಟ್. ಕೊರಿಯಾದಲ್ಲಿ ಇಂಗ್ಲಿಷ್ ಭಾಷಾ ಬೋಧಕರಿಗೆ ಕೊಡುವುದು ಇ-2 ವೀಸಾ. ಅದಕ್ಕೆ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಾಗಿರಬೇಕು. ಯಾವ ವಿಷಯದ ಪದವಿ ಇದ್ದರೂ ನಡೆಯುತ್ತದೆ. 1995ರಿಂದ ಸರ್ಕಾರವೇ ಇಂಥವರನ್ನು ಶಾಲೆಗಳಿಗೆ ಕರೆಸಿಕೊಂಡು, ಸಂಬಳದ ಜೊತೆ ಮನೆಯನ್ನೂ ಕೊಡುತ್ತಿದೆ. ಫಿಲಿಪೀನ್ಸ್‌ನ ಹುಡುಗಿ ಶಿಕ್ಷಣದಲ್ಲೇ ಪದವಿ ಮಾಡಿ, ಹತ್ತು ವರ್ಷ ಕೊರಿಯಾದವರಿಗೇ ಪಾಠ ಹೇಳಿದ್ದರೂ ಆ ಪಟ್ಟಿಯಲ್ಲಿ ಅವಳ ದೇಶ ಇಲ್ಲ. ಅಂದಹಾಗೆ ನಮಗೆ ಒಂದು ಸಂದಿ ಸಿಕ್ಕಿದೆ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ಭಾರತದ ಶಿಕ್ಷಕರು ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಹೋಗಬಹುದು ಅಂತ ಬರೆದಿದೆ. ನಮ್ಮ ಉಚ್ಚಾರಣೆ ರಾತ್ರೋರಾತ್ರಿ ಸುಧಾರಿಸಿತು ಅಂತಲ್ಲ. ಸಹಿ ಬಿತ್ತು, ಅಷ್ಟೇ.

ಅವಳು ಕೊರಿಯಾಕ್ಕೆ ಹೋಗಲಾರಳು, ಅವಳ ದನಿ ಹೋಗಬಹುದು. ಕೊರಿಯಾದಲ್ಲಿ ಫೋನ್ ಇಂಗ್ಲಿಷ್ ಅನ್ನುವ ವ್ಯಾಪಾರ ಹುಟ್ಟಿದ್ದು ಹೀಗೆ. ದಿನಕ್ಕೆ ಹತ್ತೋ ಇಪ್ಪತ್ತೋ ನಿಮಿಷ, ಆಫೀಸಿಗೆ ಹೋಗುವ ಮೊದಲು. ಕೊರಿಯಾದ ಗಡಿಯಾರ ಒಂದು ಗಂಟೆ ಮುಂದೆ. ಅಲ್ಲಿ ಬೆಳಗಿನ ಆರು ಅಂದರೆ ಫಿಲಿಪೀನ್ಸ್‌ನಲ್ಲಿ ಐದು. ಫೋನಿನ ಜಾಗಕ್ಕೆ ಮುಂದೆ ಸ್ಕೈಪ್ ಬಂತು, ಗೂಡು ಅವಳ ಮನೆಗೇ ಬಂತು. ಹಿನ್ನೆಲೆಯಲ್ಲಿ ಕೋಳಿ ಕೂಗಬಾರದು, ಪಕ್ಕದ ಮನೆಯಲ್ಲಿ ಕರೋಕೆ ಶುರುವಾಗಬಾರದು. ತಿಂಗಳ ಸಂಬಳ ಇಲ್ಲ, ಪಾಠಕ್ಕೆ ಇಷ್ಟು ಅಂತ. ಚಂಡಮಾರುತಕ್ಕೆ ಕರೆಂಟ್ ಹೋಗಿ ಪಾಠ ತಪ್ಪಿದರೆ ಎಷ್ಟೋ ಕಡೆ ಅದಕ್ಕೂ ದಂಡ. ಕಾಗದದ ಮೇಲೆ ಅವಳು ನೌಕರಳಲ್ಲ, ಸ್ವತಂತ್ರ ಗುತ್ತಿಗೆದಾರಳು. ಹಾಗಾಗಿ ಡಿಸೆಂಬರ್‌ನಲ್ಲಿ ಅಲ್ಲಿಯ ಸಾಮಾನ್ಯ ನೌಕರರಿಗೆ ಕಾನೂನು ಕೊಡಿಸುವ ಹದಿಮೂರನೇ ತಿಂಗಳ ಸಂಬಳವೂ ಅವಳಿಗಿಲ್ಲ.

2020ರಲ್ಲಿ ಕೊರೊನಾ ಬಂದಾಗ ಸ್ಪಾರ್ಟಾದ ಗೇಟುಗಳು ಮುಚ್ಚಿದವು. ಟೀಚರ್‌ಗಳು ಆನ್‌ಲೈನ್‌ಗೆ ಓಡಿದರು. ಚೀನಾದ ಮಕ್ಕಳಿಗೆ ಪಾಠ ಹೇಳುವ ಕೆಲಸ ಆಗ ಜೋರಾಗಿತ್ತು. 2021ರ ಜುಲೈನಲ್ಲಿ ಚೀನಾ ಸರ್ಕಾರ ಹೊರದೇಶದಲ್ಲಿ ಕೂತ ಟೀಚರ್‌ಗಳಿಂದ ಪಾಠ ಹೇಳಿಸುವುದನ್ನೇ ನಿಲ್ಲಿಸಿದಾಗ ಅದಕ್ಕೂ ಹೊಡೆತ ಬಿತ್ತು. ಮತ್ತೆ ಕೊರಿಯಾ, ಜಪಾನ್ ಕಡೆಗೆ ತಿರುಗುವುದೊಂದೇ ಉಳಿಯಿತು.

ಆಮೇಲೆ 2024ರ ಆಗಸ್ಟ್‌ನಲ್ಲಿ ಫಿಲಿಪೀನ್ಸ್‌ನ ನೂರು ಹೆಣ್ಣುಮಕ್ಕಳು ಕಾನೂನುಬದ್ಧ ವೀಸಾ ಹಿಡಿದು ಸೋಲ್‌ನಲ್ಲಿ ಇಳಿದರು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ. ನಗರ ಸರ್ಕಾರದ ಪ್ರಯೋಗ ಅದು. ದಿನಕ್ಕೆ ಎಂಟು ಗಂಟೆಯಂತೆ ಒಂದು ಮನೆ ಕಟ್ಟಬೇಕಾದದ್ದು ತಿಂಗಳಿಗೆ ಸುಮಾರು 23.8 ಲಕ್ಷ ವೋನ್. ಅರ್ಜಿ ಹಾಕಿದವರಲ್ಲಿ ಗಾಂಗ್ನಮ್ ಸುತ್ತಿನ ಶ್ರೀಮಂತ ಮನೆಗಳು ಎದ್ದು ಕಂಡವು. ಮಗುವಿನ ಕಿವಿಗೆ ದಿನವಿಡೀ ಇಂಗ್ಲಿಷ್ ಬೀಳುತ್ತದೆ ಅನ್ನುವುದು ಆ ಅಮ್ಮಂದಿರಿಗೆ ದೊಡ್ಡ ಆಸೆ ಅಂತ ಅಲ್ಲಿಯ ಪತ್ರಿಕೆಗಳು ಬರೆದವು. ಆಯ್ಕೆ ಮಾಡುವಾಗ ಆ ಹೆಣ್ಣುಮಕ್ಕಳ ಇಂಗ್ಲಿಷನ್ನೂ ನೋಡಿದ್ದರು. ಅದರಲ್ಲಿ ಎಲ್ಲರೂ ಪಾಸು.