ಮೆಮೊರಿ ಲೀಕ್ ಅಂದರೆ ಹೂಳು

ನಮ್ಮ ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಮನೆಮನೆಯಲ್ಲೂ ಇದೇ ಮಾತು. ನಾವು ‘ಮಾಡು ಸೋರ್ತಾ ಉಂಟು’ ಅನ್ನುತ್ತೇವೆ, ಬೇಲಿಯಾಚೆಯ ಮಲಯಾಳದವರು ‘ಚೋರ್ಚ’ ಅನ್ನುತ್ತಾರೆ. ಸೋರು, ಚೋರು, ಎರಡೂ ಒಂದೇ ಬೇರಿನವು. ಹಾಗಾಗಿ ಕಂಪ್ಯೂಟರಿನವರ ಬಾಯಲ್ಲಿ ‘ಮೆಮೊರಿ ಲೀಕ್’ ಅಂತ ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಹಂಚಿನ ಸಂದಿಯಿಂದ ಬಾಲ್ದಿಗೆ ಟಪಟಪ ಬೀಳುವ ನೀರು. ಮೆಮೊರಿ ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಅಂದುಕೊಂಡೆ.

ಏನೂ ಹೊರಗೆ ಹೋಗುವುದಿಲ್ಲ. ಒಳಗೇ ಉಳಿಯುತ್ತದೆ, ಅದೇ ತೊಂದರೆ. ನಾಲ್ಕೈದು ವರ್ಷ ಹೂಳು ತೆಗೆಯದ ತೋಟದ ಕೆರೆ ನೋಡಿದ್ದೀರಲ್ವಾ? ಕೆರೆ ಎಲ್ಲೂ ಒಡೆದಿಲ್ಲ, ಉದ್ದಗಲ ಅಷ್ಟೇ ಇದೆ, ಆದರೆ ನೀರು ನಿಲ್ಲುವುದಕ್ಕೆ ಜಾಗ ಇಲ್ಲ. ಮೆಮೊರಿ ಲೀಕ್ ಅಂದರೆ ಅದು. ‘ಸೋರಿಕೆ’ ಅಂತ ಕನ್ನಡ ಮಾಡಿದವರ ಮೇಲೆ ಸಿಟ್ಟಿಲ್ಲ, ಇಂಗ್ಲಿಷಿನಲ್ಲೇ ಹೆಸರು ತಪ್ಪಾಗಿದೆ.

ಸಿ ಭಾಷೆಯಲ್ಲಾದರೆ ಮೆಮೊರಿ ಕೇಳಿ ಪಡೆದವರೇ ಅದನ್ನು ವಾಪಸ್ ಕೊಡಬೇಕು. ಕೊಡದೆ ವಿಳಾಸ ಕಳೆದುಕೊಂಡರೆ ಪ್ರೋಗ್ರಾಂ ಮುಗಿಯುವ ತನಕ ಆ ಜಾಗ ಯಾರಿಗೂ ಸಿಗುವುದಿಲ್ಲ. ಜಾವಾ, ಸಿ ಶಾರ್ಪ್‌ನಂಥ ಭಾಷೆಗಳಲ್ಲಿ ಈ ಕೆಲಸಕ್ಕೆ ಗಾರ್ಬೇಜ್ ಕಲೆಕ್ಟರ್ ಇದೆ. ಅದು ಒಂದೇ ಪ್ರಶ್ನೆ ಕೇಳುತ್ತದೆ: ಈ ಆಬ್ಜೆಕ್ಟನ್ನು (ಪ್ರೋಗ್ರಾಂ ಮೆಮೊರಿಯಲ್ಲಿ ಹುಟ್ಟಿಸಿದ ವಸ್ತುವನ್ನು) ಯಾರಾದರೂ ಹಿಡಿದುಕೊಂಡಿದ್ದಾರಾ? ಇಲ್ಲ ಅಂದರೆ ಗುಡಿಸುತ್ತದೆ, ಹೌದು ಅಂದರೆ ಮುಟ್ಟುವುದಿಲ್ಲ. ಹಿಡಿದುಕೊಂಡವರಿಗೆ ಅದು ನಿಜವಾಗಿ ಬೇಕಾ ಬೇಡವಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಇಂಥ ಭಾಷೆಗಳಲ್ಲಿ ಲೀಕ್ ಆಯಿತು ಅಂದರೆ ಯಾರೋ ಒಬ್ಬರು ಬೇಡದ್ದನ್ನು ಬಿಡದೆ ಹಿಡಿದಿದ್ದಾರೆ ಅಂತ ಅರ್ಥ. ಆ ಒಬ್ಬರು ಕೆಲವೊಮ್ಮೆ ನಾವು ಬರೆದ ಕೋಡ್ ಆಗಿರುವುದೇ ಇಲ್ಲ, ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರ್ ಆಗಿರುತ್ತದೆ.

ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ಬರೆದ ಲೇಖನದಿಂದ. ಹೆಸರು ದೊಡ್ಡದು, ವಿಷಯ ಸಣ್ಣದು. ಒಂದು ಕ್ಲಾಸಿಗೆ (ಆಬ್ಜೆಕ್ಟಿನ ಅಚ್ಚಿಗೆ) ಬೇಕಾದದ್ದನ್ನು ಅದೇ ಹುಟ್ಟಿಸಿಕೊಳ್ಳುವ ಬದಲು ಹೊರಗಿನಿಂದ ಕೈಗೆ ಕೊಡುವುದು, ಅಷ್ಟೇ. ಕೊಡುವ ಕೆಲಸ ಕಂಟೇನರಿನದ್ದು. ಕೊಡುವಾಗ ಅದು ಆಯಸ್ಸನ್ನೂ ನೋಡಿಕೊಳ್ಳುತ್ತದೆ. ಸಿ ಶಾರ್ಪ್ ಓಡುವ ಡಾಟ್‌ನೆಟ್‌ನ ಕಂಟೇನರಿನಲ್ಲಿ ಮೂರು ಆಯಸ್ಸು: ಸಿಂಗಲ್‌ಟನ್, ಸ್ಕೋಪ್ಡ್, ಟ್ರಾನ್ಸಿಯೆಂಟ್.

ಇದನ್ನು ನಮ್ಮೂರಿನ ಜೆಂಬರಕ್ಕೆ ಹೊಂದಿಸಿ ಹೇಳಿದರೆ ಸುಲಭ. ಹೊರಗಿನವರಿಗೆ ಹೇಳುವುದಾದರೆ ಜೆಂಬರ ಅಂದರೆ ಮದುವೆ, ಉಪನಯನ, ಪೂಜೆ, ಏನೇ ಇರಲಿ, ನೆಂಟರನ್ನು ಕರೆದು ಊಟ ಹಾಕುವ ಕಾರ್ಯಕ್ರಮ. ಊರಿಗೊಂದು ಭಜನಾ ಮಂದಿರ, ಅದು ಎಲ್ಲರಿಗೂ ಒಂದೇ, ಯಾವತ್ತೂ ಇರುವಂಥದ್ದು. ಅದು ಸಿಂಗಲ್‌ಟನ್. ಒಂದು ಜೆಂಬರಕ್ಕೆ ಅಂತ ಹಾಕಿದ ಚಪ್ಪರ ಆ ಜೆಂಬರದಲ್ಲಿ ಎಲ್ಲರಿಗೂ ಒಂದೇ, ಮರುದಿನ ಬಿಚ್ಚುತ್ತಾರೆ. ಅದು ಸ್ಕೋಪ್ಡ್. ವೆಬ್ ಅಪ್ಲಿಕೇಶನ್‌ನಲ್ಲಿ ಒಂದೊಂದು ರಿಕ್ವೆಸ್ಟೂ ಒಂದೊಂದು ಜೆಂಬರ. ಇನ್ನು ಬಾಳೆಎಲೆ: ಕೂತವರಿಗೆಲ್ಲ ಬೇರೆ ಬೇರೆ, ಉಂಡಾದ ಮೇಲೆ ತೆಗೆದು ಬಿಸಾಡುವುದು. ಅದು ಟ್ರಾನ್ಸಿಯೆಂಟ್, ಕೇಳಿದಾಗೆಲ್ಲ ಹೊಸತು.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಪಾತ್ರೆಯ ಪುಸ್ತಕದ ವಿಷಯ.

ಮಂದಿರದಿಂದ ಚೆರಿಗೆ, ಕೊಪ್ಪರಿಗೆ, ಸೌಟು ತಕೊಂಡು ಹೋದರೆ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ತೊಳೆದು ವಾಪಸ್ ತರಬೇಕಲ್ಲ. ಬಾಳೆಎಲೆಯ ಲೆಕ್ಕ ಯಾರೂ ಬರೆಯುವುದಿಲ್ಲ. ಕಂಟೇನರ್ ಕೂಡ ಹೀಗೇ. ತಾನು ಕೊಟ್ಟ ಆಬ್ಜೆಕ್ಟಿನಲ್ಲಿ ಡಿಸ್ಪೋಸ್ ಎಂಬ ಮೆಥಡ್ ಇದ್ದರೆ, ಅಂದರೆ ಮುಗಿಯುವಾಗ ಫೈಲ್ ಮುಚ್ಚುವುದೋ ಕನೆಕ್ಷನ್ ಬಿಡುವುದೋ ಏನಾದರೂ ತೊಳೆಯುವ ಕೆಲಸ ಇದ್ದರೆ, ಅದನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತದೆ. ಟ್ರಾನ್ಸಿಯೆಂಟ್ ಆದರೂ ಅಷ್ಟೆ. ಸ್ಕೋಪ್, ಅಂದರೆ ಆ ಜೆಂಬರ, ಮುಗಿದಾಗ ಪಟ್ಟಿ ತೆಗೆದು ಒಂದೊಂದಕ್ಕೂ ಡಿಸ್ಪೋಸ್ ಕರೆಯುತ್ತದೆ. ಪಟ್ಟಿಯಲ್ಲಿ ಇರುವಷ್ಟು ಹೊತ್ತು ಗಾರ್ಬೇಜ್ ಕಲೆಕ್ಟರ್ ಅದನ್ನು ಮುಟ್ಟುವ ಹಾಗಿಲ್ಲ. (ಅಂಗಡಿಯಲ್ಲಿ ‘ಡಿಸ್ಪೋಸಬಲ್ ಲೋಟ’ ಅಂದರೆ ಕುಡಿದು ಬಿಸಾಡುವುದು. ಕೋಡಿನಲ್ಲಿ ಡಿಸ್ಪೋಸಬಲ್ ಅಂದರೆ ಸುಮ್ನೆ ಬಿಸಾಡಬಾರದ್ದು. ಹೆಸರಿಡುವವರಿಗೆ ಇದೊಂದು ಚಟ ಅಂತ ಕಾಣುತ್ತದೆ.)

ಜೆಂಬರದ ಲೆಕ್ಕದಲ್ಲಿ ಬರೆದರೆ ಜೆಂಬರ ಮುಗಿದ ಮರುದಿನ ಲೆಕ್ಕ ಚುಕ್ತಾ. ಯಾವ ಜೆಂಬರಕ್ಕೆ ಅಂತ ಹೇಳದೆ ನೇರ ಮಂದಿರದಿಂದಲೇ ಸೌಟು ಕೇಳಿದರೆ? ಮಂದಿರದ ದೊಡ್ಡ ಪುಸ್ತಕದಲ್ಲಿ ಬರೆಯುತ್ತಾರೆ, ಆ ಪುಸ್ತಕ ಮುಚ್ಚುವುದು ಮಂದಿರವೇ ಮುಚ್ಚುವ ದಿನ. ಕಂಟೇನರಿನ ಆ ದೊಡ್ಡ ಪುಸ್ತಕಕ್ಕೆ ರೂಟ್ ಸ್ಕೋಪ್ ಅನ್ನುತ್ತಾರೆ.

ನಾನು ಬಿದ್ದದ್ದು ಇಲ್ಲೇ. ಅಡಿಕೆ ತೂಕದ ಲೆಕ್ಕದ ಒಂದು ಸಣ್ಣ ಪ್ರೋಗ್ರಾಂ, ಪೆರ್ಲದ ಹತ್ತಿರ ಮನೆಯಲ್ಲೇ ಕೂತು ಬರೆದದ್ದು. ತೂಕದ ಯಂತ್ರ ಒಂದು ಫೋಲ್ಡರಿನಲ್ಲಿ ಫೈಲ್ ಹಾಕುತ್ತದೆ, ನನ್ನ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಾ ಐದು ಸೆಕೆಂಡಿಗೊಮ್ಮೆ ಹೋಗಿ ನೋಡುತ್ತದೆ. ಪ್ರತಿ ಸಲ ಕಂಟೇನರಿನಿಂದ ಒಂದು ಹೊಸ ಫೈಲ್ ರೀಡರ್ ಕೇಳುತ್ತಿದ್ದೆ. ಅದು ಟ್ರಾನ್ಸಿಯೆಂಟ್, ಒಳಗೆ ಓದಿದ್ದನ್ನು ತುಂಬಿಸಿಡಲು 64 ಕೆಬಿಯ ಬಫರ್, ಮತ್ತು ಡಿಸ್ಪೋಸ್ ಇದೆ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಸಿಂಗಲ್‌ಟನ್, ಅದರ ಕೈಗೆ ಸಿಗುವ ಸರ್ವಿಸ್ ಪ್ರೊವೈಡರ್, ಅಂದರೆ ಬೇಕಾದದ್ದನ್ನು ಕೇಳುವ ಕಿಟಕಿ, ರೂಟ್‌ನದ್ದೇ. ಲೆಕ್ಕ ಹಾಕಿ: ಐದು ಸೆಕೆಂಡಿಗೊಂದು ಅಂದರೆ ದಿನಕ್ಕೆ 17,280. ತಲಾ 64 ಕೆಬಿ ಅಂದರೆ 1 ಜಿಬಿಗಿಂತ ಸ್ವಲ್ಪ ಜಾಸ್ತಿ. ಫೈಲ್ ಬರಲಿ ಬಿಡಲಿ, ಭಾನುವಾರ ಅಂಗಡಿ ಮುಚ್ಚಿರಲಿ, ದಿನಕ್ಕೊಂದು ಜಿಬಿ ಹೂಳು.

ಮೊದಲಿಗೆ ನಾನು ಮಾಡಿದ ಮದ್ದು ಕೆಲಸಕ್ಕೆ ಬಾರದ್ದು. ‘ಡಿಸ್ಪೋಸ್ ಮರೆತಿದ್ದೇನೆ’ ಅಂತ ಆ ರೀಡರನ್ನು ಯೂಸಿಂಗ್ ಬ್ಲಾಕಿನೊಳಗೆ (ಮುಗಿದ ಕೂಡಲೇ ತಾನಾಗಿ ಡಿಸ್ಪೋಸ್ ಕರೆಯುವಂಥದ್ದು) ಹಾಕಿದೆ. ಏನೂ ಬದಲಾಗಲಿಲ್ಲ. ಯಾಕೆಂದರೆ ಡಿಸ್ಪೋಸ್ ಆಯಿತು ನಿಜ, ಆದರೆ ಅದು ಕಂಟೇನರಿಗೆ ಗೊತ್ತಿಲ್ಲ. ಸೌಟು ತೊಳೆದು ಅಟ್ಟದ ಮೇಲೆ ಇಟ್ಟೆ, ಪುಸ್ತಕದಲ್ಲಿ ಹೆಸರು ಹೊಡೆದುಹಾಕಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಬಫರೂ ಅದರ ಜೊತೆಗೇ ಇದ್ದಂತೆ. ಕೊನೆಗೆ ಪ್ರೋಗ್ರಾಂ ನಿಲ್ಲಿಸುವಾಗ ಕಂಟೇನರ್ ಇನ್ನೊಮ್ಮೆ ಡಿಸ್ಪೋಸ್ ಕರೆಯುತ್ತದೆ, ಅದು ಬೇರೆ.

ಜೊತೆಗೆ ಕೆಲಸ ಮಾಡುವ ಗೆಳೆಯ ಫೋನಿನಲ್ಲಿ, ‘ಎರಡು ದಿನಕ್ಕೊಮ್ಮೆ ರೀಸ್ಟಾರ್ಟ್ ಹಾಕು ಮಾರಾಯಾ, ಯಾಕೆ ತಲೆಬಿಸಿ?’ ಅಂದ. ಅದೂ ಒಂದು ದಾರಿಯೇ, ಹೂಳೆತ್ತಿದ ಹಾಗೆ. ಆದರೆ ಹೂಳು ಬರುವ ತೋಡು ಎಲ್ಲಿದೆ ಅಂತ ನೋಡದೆ ನನಗೆ ನಿದ್ದೆ ಬರಲಿಲ್ಲ. ಆ ರೀಸ್ಟಾರ್ಟ್ ಹಾಕುವ ಮೊದಲೇ, ಮೂರನೇ ದಿನ, ಮೆಮೊರಿ ಡಂಪ್ (ಆ ಹೊತ್ತಿನ ಮೆಮೊರಿಯ ನಕಲು) ತೆಗೆದೆ. ಯಾವ ಕ್ಲಾಸಿನ ಆಬ್ಜೆಕ್ಟ್ ಎಷ್ಟಿದೆ ಎಂಬ ಪಟ್ಟಿಯಲ್ಲಿ ನನ್ನ ರೀಡರ್ ಐವತ್ತು ಸಾವಿರದಷ್ಟು. ಅದರಲ್ಲಿ ಒಂದನ್ನು ಹಿಡಿದು ‘ಇದನ್ನು ಯಾರು ಹಿಡಿದಿದ್ದಾರೆ’ ಅಂತ ಜಿಸಿ ರೂಟ್ (ಜಿಸಿ ಅಂದರೆ ಗಾರ್ಬೇಜ್ ಕಲೆಕ್ಟರ್) ಆಜ್ಞೆ ಕೊಟ್ಟರೆ ದಾರಿ ಹೋಗಿ ನಿಂತದ್ದು ಸರ್ವಿಸ್ ಪ್ರೊವೈಡರ್ ಎಂಜಿನ್ ಸ್ಕೋಪ್ ಎಂಬ ಕ್ಲಾಸಿನಲ್ಲಿ, ಅದರೊಳಗೆ ಡಿಸ್ಪೋಸಬಲ್ಸ್ ಎಂಬ ಲಿಸ್ಟ್. ದೊಡ್ಡ ಪುಸ್ತಕ ಕಣ್ಣೆದುರೇ ಇತ್ತು. ಲೀಕ್ ಅಂತ ಸಂಶಯ ಬಂದವರು ಕೋಡನ್ನು ದಿಟ್ಟಿಸುತ್ತಾ ಕೂರುವ ಮೊದಲು ಇದನ್ನು ಮಾಡಿ, ಅರ್ಧ ಗಂಟೆಯ ಕೆಲಸ.

ಸರಿಮಾಡುವುದು ಮೂರು ಸಾಲು. ಸರ್ವಿಸ್ ಸ್ಕೋಪ್ ಫ್ಯಾಕ್ಟರಿ ತಕೊಂಡು ಪ್ರತಿ ಸುತ್ತಿಗೂ ಒಂದು ಹೊಸ ಸ್ಕೋಪ್ ತೆರೆಯಬೇಕು, ರೀಡರನ್ನು ಆ ಸ್ಕೋಪಿನಿಂದ ಕೇಳಬೇಕು, ಸುತ್ತು ಮುಗಿದಾಗ ಸ್ಕೋಪನ್ನೇ ಡಿಸ್ಪೋಸ್ ಮಾಡಬೇಕು. ಪ್ರತಿ ಸುತ್ತೂ ಒಂದು ಪುಟ್ಟ ಜೆಂಬರ. ಅಷ್ಟೂ ಬೇಡ ಅಂದರೆ ಕಂಟೇನರನ್ನು ಕೇಳದೆ ನೀವೇ ನ್ಯೂ ಹಾಕಿ ಹುಟ್ಟಿಸಿ, ಯೂಸಿಂಗ್‌ನಲ್ಲಿ ಮುಗಿಸಿ. ಆಗ ಅದು ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಇದರ ಅಣ್ಣನಂಥ ಇನ್ನೊಂದು ತಪ್ಪಿದೆ, ಅದಕ್ಕೆ ಹೆಸರೂ ಇದೆ: ಕ್ಯಾಪ್ಟಿವ್ ಡಿಪೆಂಡೆನ್ಸಿ. ಡಿಪೆಂಡೆನ್ಸಿ ಇಂಜೆಕ್ಷನ್ ಬಗ್ಗೆ ಬರೆಯುವ ಮಾರ್ಕ್ ಸೀಮನ್ 2014ರಲ್ಲಿ ಇಟ್ಟ ಹೆಸರು. ಜಾಸ್ತಿ ಆಯಸ್ಸಿನದ್ದು ಕಡಿಮೆ ಆಯಸ್ಸಿನದ್ದನ್ನು ಸೆರೆಹಿಡಿಯುವುದು. ಸ್ಕೋಪ್ಡ್ ಆಗಿರಬೇಕಾದ, ಡೇಟಾಬೇಸಿನ ಜೊತೆ ವ್ಯವಹರಿಸುವ ಡಿಬಿ ಕಾಂಟೆಕ್ಸ್ಟನ್ನು ಸಿಂಗಲ್‌ಟನ್‌ನ ಕನ್‌ಸ್ಟ್ರಕ್ಟರಿನಲ್ಲಿ, ಅಂದರೆ ಅದು ಹುಟ್ಟುವಾಗಲೇ, ಕೇಳಿದರೆ ಅದೂ ಸಿಂಗಲ್‌ಟನ್ ಆದಂತೆಯೇ. ಅದು ಓದಿದ ಸಾಲುಗಳನ್ನೆಲ್ಲ ಬದಲಾವಣೆ ಗಮನಿಸಲೆಂದು ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ಮೆಮೊರಿ ಏರುತ್ತದೆ. ಎರಡು ಥ್ರೆಡ್ (ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಕೆಲಸಗಳು) ಒಟ್ಟಿಗೆ ಬಳಸುವಂಥದ್ದೂ ಅಲ್ಲ ಅದು, ಹಾಗಾಗಿ ಮೆಮೊರಿ ತುಂಬುವ ಮೊದಲೇ ಬೇರೆ ಎರರ್ ಬರುವುದೇ ಜಾಸ್ತಿ.

ಈ ಅಣ್ಣನನ್ನು ಹಿಡಿಯುವುದು ಸುಲಭ. ಡಾಟ್‌ನೆಟ್‌ನಲ್ಲಿ ವೆಬ್ ಅಪ್ಲಿಕೇಶನ್ ಬರೆಯುವ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ವ್ಯಾಲಿಡೇಟ್ ಸ್ಕೋಪ್ಸ್ ಎಂಬ ತಪಾಸಣೆ ಡೆವಲಪ್‌ಮೆಂಟ್‌ನಲ್ಲಿ ತಾನಾಗಿಯೇ ಆನ್ ಇರುತ್ತದೆ, ಸಿಂಗಲ್‌ಟನ್ ಸ್ಕೋಪ್ಡನ್ನು ಕೇಳಿದರೆ ಅಲ್ಲೇ ಎರರ್ ಕೊಡುತ್ತದೆ. ಆದರೆ ರೂಟ್‌ನಿಂದ ಟ್ರಾನ್ಸಿಯೆಂಟ್ ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ನನ್ನ ರೀಡರಿನ ಬಗ್ಗೆ ಒಂದು ವಾರ್ನಿಂಗ್ ಕೂಡ ಬರದೆ ಇದ್ದದ್ದು ಅದಕ್ಕೇ.

ಎಲ್ಲ ಕಂಟೇನರುಗಳ ಅಭ್ಯಾಸವೂ ಒಂದೇ ಅಂದುಕೊಳ್ಳಬೇಡಿ. ಆಟೋಫ್ಯಾಕ್ ಕೂಡ ಪಟ್ಟಿ ಇಡುತ್ತದೆ, ಬೇಡ ಅಂದರೆ ಎಕ್ಸ್‌ಟರ್ನಲಿ ಓನ್ಡ್ ಅಂತ ಹೇಳಬಹುದು. ಕಾಸಲ್ ವಿಂಡ್ಸರ್‌ನಲ್ಲಿ ಕೇಳಿ ತಕೊಂಡದ್ದನ್ನು ರಿಲೀಸ್ ಮಾಡಿ ಹಿಂದೆ ಕೊಡಬೇಕು. ಸಿಂಪಲ್ ಇಂಜೆಕ್ಟರ್ ಟ್ರಾನ್ಸಿಯೆಂಟ್‌ನ ಪಟ್ಟಿ ಇಡುವುದೇ ಇಲ್ಲ, ಬದಲಿಗೆ ಡಿಸ್ಪೋಸ್ ಇರುವ ಟ್ರಾನ್ಸಿಯೆಂಟ್ ಕಂಡರೆ ತಕರಾರು ಮಾಡುತ್ತದೆ, ನನಗೆ ಇಷ್ಟವಾದದ್ದು ಈ ಸಿಡುಕು ಸ್ವಭಾವವೇ. ಜಾವಾದ ಸ್ಪ್ರಿಂಗ್‌ನಲ್ಲಿ ಟ್ರಾನ್ಸಿಯೆಂಟಿಗೆ ಪ್ರೋಟೋಟೈಪ್ ಅಂತ ಹೆಸರು. ಸ್ಪ್ರಿಂಗ್ ಅದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ, ಪುಸ್ತಕ ಇಲ್ಲ, ಮುಗಿಯುವಾಗಿನ ಡಿಸ್ಟ್ರಾಯ್ ಮೆಥಡನ್ನೂ ಕರೆಯುವುದಿಲ್ಲ. ಅಲ್ಲಿ ಹೂಳು ತುಂಬುವುದಿಲ್ಲ, ಆದರೆ ತೊಳೆಯದ ಚೆರಿಗೆ ಹಿತ್ತಲಲ್ಲಿ ಉಳಿಯಬಹುದು: ಮುಚ್ಚದ ಫೈಲು, ಬಿಡದ ಕನೆಕ್ಷನ್.

ನನ್ನ ಪ್ರೋಗ್ರಾಂ ಈಗಲೂ ಐದು ಸೆಕೆಂಡಿಗೊಮ್ಮೆ ಓಡುತ್ತಿದೆ. ಮೊದಲು ಮೆಮೊರಿಯ ಗೆರೆ ಗುಡ್ಡ ಹತ್ತಿದ ಹಾಗೆ ಒಂದೇ ದಿಕ್ಕಿಗೆ ಹೋಗುತ್ತಿತ್ತು, ಈಗ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತದೆ. ಗೆಳೆಯ ಆಮೇಲೆ ಹಾಕಿಕೊಟ್ಟ ರೀಸ್ಟಾರ್ಟ್ ಮಾತ್ರ ಇನ್ನೂ ತೆಗೆದಿಲ್ಲ. ತೆಗೆಯುತ್ತೇನೆ, ಈ ಮಳೆಗಾಲ ಕಳೆಯಲಿ.