ಸೀಟಿ ಮಕ್ಕಳ ಕೈಗೆ ಕೊಟ್ಟರೆ ಶಿಸ್ತು ಕೆಡುತ್ತದೆಯೇ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ಎಲ್ಲದಕ್ಕೂ ನನ್ನನ್ನೇ ಕೇಳುತ್ತಾಳೆ. ಆಟಕ್ಕೆ ಹಾಕಿದರೆ ಸ್ವಂತ ಬುದ್ಧಿ ಬರುತ್ತದಂತೆ, ನಿಜವೇ? (ಕುಷ್ಟಗಿಯ ಒಬ್ಬ ತಾಯಿ)

ಬರುತ್ತದೆ ತಾಯಿ. ಆದರೆ ಆಟ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ನಾನು ಆಟ ಕಲಿಸುವ ಮಾಸ್ತರ. ಪಾಲಕರ ಸಭೆಯಲ್ಲಿ ಇದನ್ನು ಹೇಳಿದಾಗಲೆಲ್ಲ ಯಾರಾದರೂ ಎದ್ದು ನಿಲ್ಲುತ್ತಾರೆ: "ಅದೆಲ್ಲ ಖರೇರಿ ಸರ್, ಮೊದ್ಲು ಶಿಸ್ತು ಕಲಸ್ರಿ, ಉಳಿದದ್ದು ತಾನ ಬರ್ತದ."

ಬರುವುದಿಲ್ಲ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಆದರೂ ಮತ್ತೆ ಹೇಳುತ್ತೇನೆ. ಸೀಟಿಗೆ ಓಡಿ ಸೀಟಿಗೆ ನಿಲ್ಲುವ ಮಗು ಕಲಿಯುವುದು ಸೀಟಿಗೆ ಕಾಯುವುದನ್ನು. ನಾನೂ ಮೊದಲು ಹಾಗೆಯೇ ಕಲಿಸಿದವನು. ಒಂದು ದಿನ ಮೈದಾನಕ್ಕೆ ತಡವಾಗಿ ಹೋದೆ. ಚೆಂಡು ಹೊರಗಿತ್ತು, ಮಕ್ಕಳು ಸಾಲಿನಲ್ಲಿ ನಿಂತಿದ್ದರು. "ಯಾಕ ಆಡ್ಲಿಲ್ಲ?" ಅಂದೆ. "ನೀವು ಹೇಳಿರ್ಲಿಲ್ಲರಿ ಸರ್." ಹೊರಗಿನಿಂದ ನೋಡಿದವರು ಅದನ್ನೇ ಶಿಸ್ತು ಅನ್ನುತ್ತಿದ್ದರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾಸ್ಟನ್ ಎಂಬ ದೈಹಿಕ ಶಿಕ್ಷಣ ತಜ್ಞ 1966ರಲ್ಲೇ ಕಲಿಸುವ ರೀತಿಗಳನ್ನು ಒಂದು ಸಾಲಿನಲ್ಲಿ ಜೋಡಿಸಿದ. ಒಂದು ತುದಿಯಲ್ಲಿ ಎಲ್ಲ ತೀರ್ಮಾನ ಮಾಸ್ತರದು, ಇನ್ನೊಂದು ತುದಿಯಲ್ಲಿ ಮಗುವಿನದು. ನಡುವೆ ಜೋಡಿ ಕಲಿಕೆ ಬರುತ್ತದೆ: ಒಬ್ಬರು ಆಡಬೇಕು, ಇನ್ನೊಬ್ಬರು ನೋಡಿ ತಿದ್ದಬೇಕು. ನಮ್ಮಲ್ಲಿ ಬಹಳ ಮಂದಿ ಮೊದಲ ತುದಿ ಬಿಟ್ಟು ಕದಲುವುದೇ ಇಲ್ಲ.

ನಮ್ಮ ಮೈದಾನದಲ್ಲಿ ಈಗ ಹುಡುಗಿಯರ ಕಬಡ್ಡಿ ಅಂಕಣ ಹುಡುಗಿಯರೇ ಹಾಕುತ್ತಾರೆ. 12 ಮೀಟರ್ ಉದ್ದ, 8 ಮೀಟರ್ ಅಗಲ. ಮೂಲೆ ಸೊಟ್ಟಗಾಗಬಾರದೆಂದು ಬದಿಗಳು 3, 4, 5 ಮೀಟರ್ ಆಗುವಂತೆ ಹಗ್ಗಕ್ಕೆ ಗಂಟು ಹಾಕಿ ತ್ರಿಕೋನ ಹಿಡಿಯುತ್ತಾರೆ. ಆಮೇಲೆ ಎರಡೂ ಕರ್ಣ ಅಳೆಯುತ್ತಾರೆ, ಎರಡೂ 14.42 ಬಂದರೆ ಮಾತ್ರ ಸುಣ್ಣದ ಪುಡಿ. ಸೀಟಿಯೂ ಅವರದೇ, 30 ಸೆಕೆಂಡಿನ ರೈಡ್ ಎಣಿಸುವುದೂ ಅವರೇ. ಮೊದಲ ವಾರವೆಲ್ಲ ಜಗಳ. "ಸರ್, ಆಕಿ ಕಾಲು ಗೆರಿ ದಾಟೇತ್ರಿ!" ನಾನು ಬೇವಿನ ಗಿಡದ ಕೆಳಗಿಂದ ಏಳಲಿಲ್ಲ. ಏಳದೆ ಕೂತಿರುವುದೇ ಕಷ್ಟದ ಕೆಲಸ. ಮೂರನೇ ವಾರ ಒಬ್ಬ ಹುಡುಗಿ ತನ್ನ ಗೆಳತಿಗೇ ಔಟ್ ಕೊಟ್ಟಳು. ಗೆಳತಿ ಮರುಮಾತಿಲ್ಲದೆ ಹೊರಗೆ ಬಂದು ಕೂತಳು.

ನೀವು ಕೇಳಿಲ್ಲ, ಆದರೂ ನೀರಿನ ಮಾತು ಹೇಳಲೇಬೇಕು. ಕೊಪ್ಪಳ, ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ಹೊತ್ತಿನಲ್ಲೂ ಆಡುವಾಗ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆಂದು ಮಕ್ಕಳನ್ನು ತಡೆಯುವವರಿದ್ದಾರೆ. ಒಮ್ಮೆಲೇ ಚೊಂಬುಗಟ್ಟಲೆ ಕುಡಿದರೆ ತೊಂದರೆ, ಆಗಾಗ ನಾಲ್ಕು ಗುಟುಕು ಕುಡಿದರೆ ಏನೂ ಆಗದು. ನಮ್ಮ ಮೈದಾನದಲ್ಲಿ ನೀರಿಗೆ ಅಪ್ಪಣೆ ಕೇಳುವಂತಿಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ಮೈಗೆ ನೀರು ಸಾಲುತ್ತಿಲ್ಲ ಎಂದು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿಕೊಟ್ಟಿದ್ದೇನೆ. ನಿಮ್ಮ ಮಗಳಿಗೂ ಇಲ್ಲಿಂದಲೇ ಶುರುಮಾಡಿ. ನಾಳೆ ಬಾಟಲಿಯನ್ನು ಅವಳೇ ತುಂಬಿಕೊಳ್ಳಲಿ, ಎಷ್ಟು ಬೇಕು ಅನ್ನುವುದನ್ನೂ ಅವಳೇ ನೋಡಿಕೊಳ್ಳಲಿ.